ನಾಲ್ಕನೇ ನಿಲುಗಡೆಯಿಂದಾಚೆ

“ಕಲ್ಲು ನೋಡಿ ಬರೆಯೋದು ಒಂದು ವಿದ್ಯೆ, ನೋಡದೆ ಬರೆಯೋದು ಇನ್ನೊಂದು ವಿದ್ಯೆ. ನಿಮ್ಮಪ್ಪನಿಗೆ ಎರಡನೇದು ಚೆನ್ನಾಗಿ ಒಲಿದಿತ್ತಮ್ಮ,” ಎಂದು ಭೂಗರ್ಭ ಇಲಾಖೆಯ ನಿರ್ದೇಶಕರು ಚಹಾದ ಕಪ್ಪನ್ನು ಸದ್ದಾಗದ ಹಾಗೆ ತಟ್ಟೆಯ ಮೇಲಿಟ್ಟರು.

ಕಪ್ಪು ಬಂದದ್ದು ಒಂದೇ. ಕೋಣೆಯಲ್ಲಿದ್ದವರು ನಾಲ್ಕು ಜನ.

ಮಾತು ನನ್ನ ಪಕ್ಕದಲ್ಲಿದ್ದವಳಿಗೆ. ಹನ್ನೆರಡು ದಿನದ ಹಿಂದೆ ಬೆಟ್ಟದ ಏಣಿನಿಂದ, ಅಂದರೆ ನೆತ್ತಿಯ ಚೂಪು ಸಾಲಿನಿಂದ, ಬಿದ್ದು ಸತ್ತ ನಕ್ಷೆಗಾರರ ಒಬ್ಬಳೇ ಮಗಳು ಅವಳು. ಔಷಧಿ ಅಂಗಡಿ ಇಟ್ಟುಕೊಂಡಿದ್ದಾಳೆ. ಅಪ್ಪ ಅವಳನ್ನು ಬೆಣಚಿ ಅಂತ ಕರೆಯುತ್ತಿದ್ದರಂತೆ, ಬೆಣಚುಕಲ್ಲಿನ ಹಾಗೆ ಚಾಕುವಿಗೂ ಗೀರು ಬೀಳದವಳು ಎಂದು. ಆ ಹೆಸರಿಗೆ ತಕ್ಕ ಹಾಗೆ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತಿದ್ದಳು.

ಅವಳ ಕಣ್ಣೆದುರಿಗೇ ವರದಿ ಬಿದ್ದಿತ್ತು. ಏಳು ಪುಟ, ಸಾರ ಎರಡು ಸಾಲಿನಷ್ಟು. ನಕ್ಷೆಗಾರರು ಕೊನೆಯ ದಿನ ಬೆಟ್ಟದ ಮೇಲೆ ಅಳತೆ ಮಾಡದೆ ಗುಡಾರದಲ್ಲಿ ಕೂತು ಅಂಕಿ ಹೊಸೆದರು. ಸಿಕ್ಕಿಬೀಳುವ ಭಯಕ್ಕೆ ಜೀವ ಕಳೆದುಕೊಂಡರು. ಕೆಳಗೆ ಎರಡು ಸಹಿಗೆ ಜಾಗ. ನಿರ್ದೇಶಕರ ಸಹಿ ಬಿದ್ದರೆ ಸತ್ತವರು ಮೂವತ್ತು ವರ್ಷ ನಡೆದು ಬರೆದ ಒಂಬತ್ತು ನಕ್ಷೆಗಳೂ ರದ್ದು, ಅವರ ಹೆಸರೂ ರದ್ದು. ಜೊತೆಗೆ ಮನೆಯವರ ಸಹಿಯೂ ಬಿದ್ದರೆ ಸಾವಿನ ವಿಚಾರಣೆಯೂ ಅಲ್ಲಿಗೆ ಮುಚ್ಚಿತು. ನಾಲ್ಕು ಗಂಟೆಗೆ ಸಹಿ ಎಂದು ನಿಗದಿಯಾಗಿತ್ತು. ಈಗ ಮೂರೂ ಹತ್ತು.

ಬೆಣಚಿ ನನ್ನನ್ನು ಕರೆಸಿದ್ದು ಆ ಸಹಿಯನ್ನು ತಡೆಯಲು.

ನಿರ್ದೇಶಕರಿಗೆ ಬೆಟ್ಟ ಹತ್ತುವ ಸಿಬ್ಬಂದಿ ಇಟ್ಟ ಹೆಸರು ಪಾಲಿಶ್. ಕಲ್ಲನ್ನು ಹಾಳೆಯ ಹಾಗೆ ತೆಳ್ಳಗೆ ಕೊಯ್ದು, ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿಯೇ ಮೇಲೆ ಬಂದವರು ಎಂದು. ಅವರ ಹಿಂದಿನ ಗಾಜಿನ ಬಾಗಿಲಿನ ಕಬ್ಬಿಣದ ಬೀರುವಿನಲ್ಲಿ ಕಲ್ಲುಗಳು ಮಿರಮಿರ ಮಿಂಚುತ್ತಿದ್ದವು, ಒಂದೊಂದರ ಕೆಳಗೂ ಅಚ್ಚು ಹಾಕಿಸಿದ ಚೀಟಿ. ಚಪ್ಪಲಿ ಅಂಗಡಿಯ ಗಾಜಿನೊಳಗೆ ಜೋಡಿಗಳನ್ನಿಟ್ಟ ಹಾಗಿತ್ತು. ಬೆಟ್ಟವನ್ನು ಹೀಗೆ ಒಪ್ಪವಾಗಿ ಕೂರಿಸಿಕೊಂಡವರಿಗೆ ಬೆಟ್ಟದ ಮೇಲೆ ಸತ್ತವನು ಕೊಳೆಯಾಗಿಯೇ ಕಂಡಾನು ಎಂದು ನನಗೆ ಅನಿಸಿತ್ತು. ನಾನೇನೂ ಆ ಭಾವನೆಯನ್ನು ಮುಚ್ಚಿಡಲಿಲ್ಲ.

“ಇವರ್ಯಾರು ಅಂತ ಇನ್ನೊಂದ್ಸಲ ಹೇಳಮ್ಮ,” ಎಂದು ಅವರು ಗಲ್ಲವನ್ನು ನನ್ನ ಕಡೆಗೆತ್ತಿದರು. “ಪತ್ತೇದಾರರೋ, ಟೈಪಿಸ್ಟೋ?”

“ಸ್ಟೆನೋ,” ಎಂದೆ. “ಕೋರ್ಟಿನಲ್ಲಿ ಮೂವತ್ತೊಂದು ವರ್ಷ. ಸುಳ್ಳು ಎಷ್ಟು ವೇಗದಲ್ಲಿ ಬಂದ್ರೂ ಬರ್ಕೊಳ್ತೀನಿ. ನೀವು ನನಗೋಸ್ಕರ ನಿಧಾನಕ್ಕೆ ಮಾತಾಡ್ಬೇಕಾಗಿಲ್ಲ.”

“ಒಳ್ಳೇದು. ಮತ್ತೆ ಇವನು? ರತ್ನಗಂಬಳಿ ಮೇಲೆ ಬೂಟು ಹಾಕ್ಕೊಂಡು ನಿಂತಿದಾನಲ್ಲ.”

ಬಾಗಿಲ ಹತ್ತಿರ ನಿಂತಿದ್ದವನು ಸುತ್ತಿಗೆ. ಅದು ಅವನ ಸೊಂಟದಲ್ಲಿ ಸದಾ ನೇತಾಡುವ ವಸ್ತು. ಇಪ್ಪತ್ತಾರು ವರ್ಷ ನಕ್ಷೆಗಾರರ ಚೀಲ ಹೊತ್ತದ್ದರಲ್ಲಿ ಅದೇ ಹೆಸರೂ ಆಗಿದೆ. ಅರವತ್ತರ ಹತ್ತಿರದ ಮನುಷ್ಯ. ಸಾವಿನ ದಿನ ಒಂದೇ ದಿನ, ಹಲ್ಲುನೋವು ತಾಳಲಾರದೆ ಕೆಳಗಿಳಿದಿದ್ದ. ಅಂದಿನಿಂದ ಆ ಹಲ್ಲನ್ನು ದಿನಾ ಶಪಿಸುತ್ತಿದ್ದಾನೆ.

“ಸಾಹೇಬ್ರೇ, ಬೂಟಿನ ಮಣ್ಣು ನೀವು ನಕ್ಷೆ ಮಾಡಿಸೋ ಬೆಟ್ಟದ್ದೇ,” ಎಂದ ಸುತ್ತಿಗೆ. “ಪರಿಚಯ ಇರ್ಲಿ ಅಂತ ತಂದೆ.”

ಬೆಣಚಿಯ ತುಟಿಯ ಅಂಚು ಒಂದು ಕೂದಲೆಳೆಯಷ್ಟು ಅಲುಗಿತು. ನಿರ್ದೇಶಕರು ಕ್ಯಾರೇ ಅನ್ನಲಿಲ್ಲ.

“ಮೂರೂ ಇಪ್ಪತ್ತಾಗ್ತಾ ಬಂತು. ಅಳೋದಿದ್ರೆ ಬೇಗ ಅತ್ತುಬಿಡಿ. ಎರಡನೇ ತಂಡ ಕಳಿಸಿದ್ದೆ. ಅವರು ಅದೇ ಹನ್ನೊಂದು ಜಾಗದಲ್ಲಿ ನಿಂತು ಅಳೆದರು. ಎಂಟು ಹೊಂದಲ್ಲ ಅಂತ ಬರೆದು ಕೊಟ್ಟಿದಾರೆ. ಹನ್ನೊಂದರಲ್ಲಿ ಎಂಟು ತಪ್ಪಿದ್ರೆ ಶಾಲೆ ಮಕ್ಕಳೂ ಫೇಲು.”

“ತಂಡದವರು ಬರೆದ ಅಂಕಿ ನೋಡಿದ್ರಾ?”

“ತೀರ್ಮಾನ ನೋಡಿದೆ.”

“ಅಂದ್ರೆ ನೋಡಿಲ್ಲ.”

“ನೋಡ್ರೀ ಟೈಪಿಂಗಮ್ಮ, ಅದು ಮಡಚಿದ ಕಲ್ಲು. ಒಂದು ಕಾಲಕ್ಕೆ ನೆಲದಾಳದಲ್ಲಿ ಬೆಂದು ಮೆತ್ತಗಾಗಿ, ಕಂಬಳಿ ಮುದುರಿದ ಹಾಗೆ ಮುದುರಿಕೊಂಡದ್ದು. ಹತ್ತು ಹೆಜ್ಜೆಗೊಂದು ದಿಕ್ಕು. ಅಂಥಾ ಕಡೆ ಸೋಮಾರಿಗಳಿಗೆ ಗುಡಾರದಲ್ಲಿ ಕೂತು ಬರೆಯೋದೇ ಸುಲಭ. ಇದೆಲ್ಲಾ ನಿಮಗೆ ಅರ್ಥವಾಗೋ ವಿಷಯ ಅಲ್ಲ.”

ಅರ್ಥವಾಗುವ ವಿಷಯವಲ್ಲ ಎಂದು ಕೋರ್ಟಿನಲ್ಲಿ ನನಗೆ ದಿನಕ್ಕೆ ಹತ್ತು ವಕೀಲರು ಹೇಳುತ್ತಿದ್ದರು. ಹೇಳಿದವರ ಮಾತನ್ನೆಲ್ಲ ನಾನು ತಪ್ಪಿಲ್ಲದೆ ಬರೆದುಕೊಂಡೆ; ಅವರವರ ಮಾತೇ ಮುಂದೆ ಅವರವರಿಗೆ ಅರ್ಥವಾಗುತ್ತಿರಲಿಲ್ಲ. ತಂಡದವರು ನೋಡಿ ಮಗಳಿಗೆ ಮರಳಿಸಿದ್ದ ನಕ್ಷೆಗಾರರ ಕೊನೆಯ ಟಿಪ್ಪಣಿ ಪುಸ್ತಕವನ್ನು ನಾನು ಚೀಲದಿಂದ ತೆಗೆದು ಕೊನೆಯ ಪುಟ ಬಿಚ್ಚಿದೆ. ಪಕ್ಕದಲ್ಲಿ ಸುತ್ತಿಗೆಯ ಚೀಟಿ ಇಟ್ಟೆ. ಹೋದ ವಾರ ನಾವಿಬ್ಬರೂ ಆ ಏಣಿನ ಮೇಲೆ ನಡೆದು, ಅದೇ ಹನ್ನೊಂದು ನಿಲುಗಡೆಗಳಲ್ಲಿ ಕಲ್ಲಿಗೆ ದಿಕ್ಸೂಚಿ ಹಿಡಿದು ಬರೆದು ತಂದದ್ದು. ನನ್ನ ಮೊಣಕಾಲು ಇನ್ನೂ ಅದನ್ನು ಮರೆತಿಲ್ಲ.

“ಎರಡೂ ಪಕ್ಕಪಕ್ಕ ಓದಿ ಸರ್. ತೀರ್ಮಾನ ಬೇಡ, ಅಂಕಿ ಓದಿ.”

“ನನಗೆ ಪಾಠ ಹೇಳ್ತೀರಾ?”

“ನಿಮಗೆ ಕಷ್ಟ ಆದ್ರೆ ನಾನೇ ಓದ್ತೀನಿ. ಒಂದನೇ ನಿಲುಗಡೆ, ಕಲ್ಲಿನ ಪದರ ಸಾಗಿದ ದಿಕ್ಕು: ಪುಸ್ತಕದಲ್ಲಿ ಉತ್ತರದಿಂದ ಪೂರ್ವಕ್ಕೆ ಮೂವತ್ತೆಂಟು ಡಿಗ್ರಿ. ನಮ್ಮ ಚೀಟೀಲಿ ಮೂವತ್ತೆಂಟು. ಎರಡು, ಸರಿ. ಮೂರು, ಸರಿ. ಸಮಯ ಬೆಳಗ್ಗೆ ಒಂಬತ್ತೂ ಇಪ್ಪತ್ತು. ನಾಲ್ಕನೇದು. ಪುಸ್ತಕದಲ್ಲಿ ಉತ್ತರದಿಂದ ಪಶ್ಚಿಮಕ್ಕೆ ನಲವತ್ತು. ಚೀಟೀಲಿ ಉತ್ತರದಿಂದ ಪೂರ್ವಕ್ಕೆ ನಲವತ್ತು.”

ಅವರು ಕಪ್ಪಿನ ಕಡೆ ಚಾಚಿದ್ದ ಕೈ ಅಲ್ಲೇ ನಿಂತಿತು.

“ಐದನೇದು. ಪುಸ್ತಕ, ಪಶ್ಚಿಮಕ್ಕೆ ಮೂವತ್ತೈದು. ಚೀಟಿ, ಪೂರ್ವಕ್ಕೆ ಮೂವತ್ತಾರು. ಎಂಟನೇದು ನೀವು ಹೇಳಿದ ಮಡಿಕೆಯ ಮೂಲೆ. ಅಲ್ಲಿ ಪದರ ನಿಜಕ್ಕೂ ತಿರುಗುತ್ತೆ, ಪಶ್ಚಿಮಕ್ಕೆ ಹತ್ತು. ಪುಸ್ತಕದಲ್ಲಿ ಪೂರ್ವಕ್ಕೆ ಹತ್ತು. ಹೀಗೇ ಹನ್ನೊಂದರ ತನಕ. ಪದರ ಎಷ್ಟು ವಾಲಿದೆ ಅನ್ನೋ ಅಂಕಿಗಳು ಮಾತ್ರ ಎಲ್ಲಾ ಕಡೆ ಸರಿಯಾಗಿವೆ. ಗುಡಾರದಲ್ಲಿ ಕೂತು ಹೊಸೆಯೋನು ಇಷ್ಟು ಅಚ್ಚುಕಟ್ಟಾಗಿ ತಪ್ಪು ಬರೀತಾನಾ ಸರ್? ಕನ್ನಡಿ ಹಿಡಿದ ಹಾಗೆ?”

ನಿರ್ದೇಶಕರು ಪುಸ್ತಕವನ್ನು ಎಳೆದುಕೊಂಡರು. ಕನ್ನಡಕ ಹಣೆಗೇರಿಸಿ, ಕಣ್ಣು ಪುಟಕ್ಕೆ ಅಂಟುವಷ್ಟು ಬಗ್ಗಿದರು. ಈ ಹನ್ನೆರಡು ದಿನದಲ್ಲಿ ಅವರು ಆ ಪುಟವನ್ನು ಓದುತ್ತಿರುವುದು ಇದೇ ಮೊದಲು. ಒಬ್ಬನ ಮೂವತ್ತು ವರ್ಷಗಳನ್ನು ಗುಡಿಸಿ ಹಾಕಲು ಹೊರಟವನಿಗೆ ಒಂದು ಪುಟ ಓದುವಷ್ಟು ಪುರುಸೊತ್ತು ಆಗಿರಲಿಲ್ಲ. ನಾನು ಅವರನ್ನು ನೋಡುವ ಬದಲು ಅವರ ಮಿರುಗುವ ಕಲ್ಲುಗಳನ್ನು ನೋಡಿದೆ. ಅವುಗಳ ಮೇಲೆ ನನಗೆ ಸಿಟ್ಟಿರಲಿಲ್ಲ.

“ಹೇಳು ಸುತ್ತಿಗೆ,” ಎಂದೆ. “ನನಗೆ ಹೇಳಿಕೊಟ್ಟ ಹಾಗೇ ಹೇಳು.”

ಸುತ್ತಿಗೆ ಜೇಬಿನಿಂದ ನಕ್ಷೆಗಾರರ ದಿಕ್ಸೂಚಿ ತೆಗೆದ. ಅಂಗೈ ತುಂಬುವ ಚೌಕ ಡಬ್ಬಿ, ಮುಚ್ಚಳದೊಳಗೆ ಕನ್ನಡಿ, ಎದುರಿಗೆ ಗುರಿ ಹಿಡಿಯುವ ಕಡ್ಡಿ.

“ಬೆಣಚಮ್ಮ, ನೀನೂ ಕೇಳು. ಅಂಗಡೀಲಿ ಸಿಗೋ ಕಂಪಾಸಲ್ಲಿ ಪೂರ್ವ ಬಲಗಡೆ, ಪಶ್ಚಿಮ ಎಡಗಡೆ ಬರೆದಿರ್ತಾರೆ. ನಮ್ಮ ಕಲ್ಲಿನ ಕಂಪಾಸಲ್ಲಿ ಉಲ್ಟಾ. ಪೂರ್ವ ಎಡಗಡೆ. ಯಾಕೆ? ನಾವು ಈ ಕಡ್ಡೀನ ಪದರದುದ್ದಕ್ಕೂ ಹಿಡೀತೀವಿ. ಡಬ್ಬಿ ತಿರುಗತ್ತೆ, ಮುಳ್ಳು ನಿಂತಲ್ಲೇ ನಿಲ್ಲತ್ತೆ. ಮುಳ್ಳಿನ ತುದಿ ಯಾವ ಅಂಕಿ ಮೇಲೆ ಬಿತ್ತೋ ಅದೇ ದಿಕ್ಕು. ಹಾಗೆ ಓದೋಕೆ ಅಂತ್ಲೇ ಅಕ್ಷರ ಅದಲುಬದಲು ಮಾಡಿರೋದು. ಗೊತ್ತಿಲ್ದೋರು ಏನು ಮಾಡ್ತಾರೆ? ಮೊದಲು ಮುಳ್ಳನ್ನ ಉತ್ತರಕ್ಕೆ ಕೂರಿಸ್ತಾರೆ, ಆಮೇಲೆ ಕಲ್ಲು ಯಾವ ಅಕ್ಷರದ ಕಡೆ ಹೋಗಿದೆ ಅಂತ ನೋಡ್ತಾರೆ. ಪೂರ್ವಕ್ಕೆ ಹೋದ ಕಲ್ಲೆಲ್ಲ ಪಶ್ಚಿಮಕ್ಕೆ ಹೋಯ್ತು ಅಂತ ಬರ್ಕೊಂಡು ಮನೆಗೆ ಹೋಗ್ತಾರೆ.”

“ನನ್ನ ಕೈಗೆ ಕೊಟ್ಟಾಗ ನಾನೂ ಹಾಗೇ ಮಾಡಿದೆ,” ಎಂದೆ. “ಡಬ್ಬಿ ಮಾಡಿದವನೇ ಅಕ್ಷರ ತಪ್ಪಾಗಿ ಅಚ್ಚು ಹಾಕಿದಾನೆ ಅಂತ ಬೈದೂ ಬೈದೆ. ಆದ್ರೆ ಮೂವತ್ತು ವರ್ಷ ಇದನ್ನೇ ಹಿಡಿದ ಕೈ ಹಾಗೆ ಓದಲ್ಲ. ಮೂರನೇ ನಿಲುಗಡೆವರೆಗೂ ನಕ್ಷೆಗಾರರು ಬರೆದಿದಾರೆ. ನಾಲ್ಕರಿಂದ ಬೇರೆ ಯಾರೋ ಬರೆದಿದಾರೆ. ಅಂಕಿ ಮತ್ತು ಒಂದೊಂದು ಅಕ್ಷರ, ಅಷ್ಟೇ. ಅವರ ಕೈಬರಹ ಕಂಡವರು ಯಾರು ಬೇಕಾದ್ರೂ ನಕಲು ಮಾಡಬಹುದು.”

ಬೆಣಚಿ ನನ್ನ ಕಡೆ ತಿರುಗಿದಳು. “ಅಂದ್ರೆ ಅಪ್ಪ ಸುಳ್ಳು ಬರೀಲಿಲ್ಲ.”

“ನಿಮ್ಮಪ್ಪ ಸುಳ್ಳು ಬರೀಲಿಲ್ಲ ಕಣಮ್ಮ. ಬರೆದವರೂ ಹೊಸೆಯಲಿಲ್ಲ. ಎಂಟೂ ಕಡೆ ಕಲ್ಲಿನ ಮುಂದೆ ಮಂಡಿಯೂರಿ ಕಷ್ಟಪಟ್ಟು ಅಳೆದಿದಾರೆ. ಇಂಥಾ ಪ್ರಾಮಾಣಿಕ ಮೋಸಗಾರರನ್ನ ನಾನು ಕೋರ್ಟಲ್ಲೂ ಕಂಡಿಲ್ಲ.”

ಅವಳು ಒಂದು ಉಸಿರು ಬಿಟ್ಟಳು. ಕುರ್ಚಿಯಲ್ಲಿ ಮೊದಲ ಸಲ ಹಿಂದಕ್ಕೊರಗಿದಳು. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ಕೆಳಗೆ ಅಂಗಳ ನೋಡಿ, ಕೈಯೆತ್ತಿ ಸನ್ನೆ ಮಾಡಿದಳು. ಕೆಳಗೆ ಬೆಂಚಿನ ಮೇಲೆ ಅವಳ ತಾಯಿ ಕಾಯುತ್ತಿದ್ದರು. ಶಾಲೆಯ ಟೀಚರು, ಹೊರಗಿನವರ ಬಾಯಲ್ಲಿ ಟೀಚರಮ್ಮ. ಮೇಲೆ ಬನ್ನಿ ಎಂದಿದ್ದಕ್ಕೆ, “ನನ್ನ ಗಂಡ ನನಗಿಂತ ಹೆಚ್ಚು ಆ ಗುಡ್ಡದ ಜೊತೆ ಸಂಸಾರ ಮಾಡಿದ್ರು. ಆ ಗುಡ್ಡದ ಆಫೀಸಿಗೆ ನಾನು ಕಾಲಿಡಲ್ಲ,” ಎಂದಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು.

“ಆಯ್ತು,” ಎಂದರು ನಿರ್ದೇಶಕರು. ದನಿ ಒಂದು ಮೆಟ್ಟಿಲು ಇಳಿದಿತ್ತು. “ಯಾರೋ ಬರೆದ್ರು ಅಂತಾನೇ ಇಟ್ಕೊಳ್ಳಿ. ಯಾಕೆ ಬರೀಬೇಕು?”

“ಸಮಯಕ್ಕೋಸ್ಕರ. ನಕ್ಷೆಗಾರರು ಪ್ರತಿ ನಿಲುಗಡೇಲೂ ಗಂಟೆ ಬರೀತಿದ್ರು. ಕೊನೇದರ ಮುಂದೆ ಸಂಜೆ ನಾಲ್ಕೂ ನಲವತ್ತು ಅಂತಿದೆ. ಅದಕ್ಕೇ ಎಲ್ಲರೂ ಅವರು ಬಿದ್ದದ್ದು ಸಂಜೆ ಅಂದ್ಕೊಂಡ್ರಿ. ಅವರು ಬಿದ್ದದ್ದು ಬೆಳಗ್ಗೆ, ಒಂಬತ್ತೂ ಇಪ್ಪತ್ತರ ಆಸುಪಾಸು. ಆ ಎಂಟು ಜಾಗ ಸುತ್ತೋಕೆ ಎರಡು ಗಂಟೆ ಸಾಕು. ಬೇಕಾದ ಗಂಟೆ ಬರ್ಕೊಂಡು ಹನ್ನೆರಡಕ್ಕೆಲ್ಲ ಕೆಳಗಿಳಿದು ಹೋಗಬಹುದು. ಬೆಳಗ್ಗೆ ಬೆಟ್ಟದಲ್ಲಿದ್ದು ಸಂಜೆ ಬೇರೆ ಕಡೆ ಮುಖ ತೋರಿಸಿದವರಿಗೆ ಈ ಪುಟ ಬಂಗಾರ.”

“ಯಾರದು?”

“ನೀವು.”

ಸುತ್ತಿಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಅವತ್ತು ಬೆಳಗ್ಗೆ ನೀವು ಕ್ಯಾಂಪಿಗೆ ಹೋಗಿದ್ರಿ.”

“ಹೋಗಿದ್ದೆ. ಜಗಳ ಆಡೋಕೆ ಹೋದೆ, ಆಡಿದೆ, ಎಂಟೂವರೆಗೆ ಹೊರಟೆ.”

“ಏನಕ್ಕೆ ಜಗಳ?”

“ಹತ್ತನೇ ನಕ್ಷೆ ಕೊಡೋಕೆ ಎರಡು ವರ್ಷ ತಡ. ಕೇಳಿದ್ರೆ, ಇನ್ನೊಂದು ಮಡಿಕೆ ಕಂಡಿದೆ, ನಡೆದು ನೋಡ್ಬೇಕು ಅಂತ. ಅವನಿಗೆ ಯಾವಾಗಲೂ ಇನ್ನೊಂದು ಮಡಿಕೆ.”

“ಮಧ್ಯಾಹ್ನದವರೆಗೆ ಎಲ್ಲಿದ್ರಿ?”

“ದಾರಿಯಲ್ಲಿ. ಒಬ್ಬನೇ. ಕಾರಲ್ಲಿ.”

“ಸಂಜೆ ನಾಲ್ಕಕ್ಕೆ?”

“ಇಲ್ಲೇ, ಇಪ್ಪತ್ತು ಜನರ ಮುಂದೆ ಭಾಷಣ.” ಅವರು ನಕ್ಕರು. ಸ್ವಲ್ಪವೂ ಬೆಚ್ಚಗಿಲ್ಲದ ನಗು. “ಆಹಾ. ಪಾಲಿಶ್ ಸಾಹೇಬ ಬೆಟ್ಟ ಹತ್ತಿದವನಲ್ಲ, ಕಂಪಾಸು ಹಿಡಿಯೋಕೆ ಬರಲ್ಲ, ಉಲ್ಟಾ ಓದಿರ್ತಾನೆ. ಅದೇ ತಾನೆ ನಿಮ್ಮ ಲೆಕ್ಕ? ನನಗೆ ಆ ಹೆಸರು ಇಟ್ಟಿರೋದು ಗೊತ್ತಿಲ್ಲ ಅಂದ್ಕೊಂಡ್ರಾ?”

“ಕೈಯಲ್ಲಿ ಹಿಡಿದು ಒಂದ್ಸಲ ಓದಿ ತೋರಿಸಿದ್ರೆ ಮುಗೀತು,” ಎಂದೆ. ಗೆದ್ದ ಮೇಲೆ ನನಗೆ ಸೌಜನ್ಯ ಬರುತ್ತದೆ. “ಮೇಜಿನ ಅಂಚು ಸಾಕು.”

“ಕಬ್ಬಿಣದ ಬೀರು ಪಕ್ಕದಲ್ಲಿಟ್ಕೊಂಡು?” ಅವರು ಎದ್ದರು. “ನಿಮ್ಮಂಥೋರು ಪತ್ತೇದಾರಿಕೆ ಮಾಡೋದು ಹೀಗೇ ಇರತ್ತೆ. ಬಾಲ್ಕನಿಗೆ ಬನ್ನಿ. ಏಯ್, ನೀನು ಆ ಸುತ್ತಿಗೆ ಒಳಗಿಟ್ಟು ಬಾ. ಮುಳ್ಳು ನಿನ್ನ ಸೊಂಟ ನೋಡತ್ತೆ.”

ಸುತ್ತಿಗೆಯ ಮುಖದಲ್ಲಿದ್ದ ನಗು ಕರಗಿತು. ಅವನು ನನ್ನನ್ನು ನೋಡಿದ. ಕಬ್ಬಿಣ ಹತ್ತಿರವಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ ಎಂಬುದು ಸೂಕ್ಷ್ಮದರ್ಶಕದಲ್ಲಿ ಕಾಣುವ ವಿಷಯವಲ್ಲ. ಅದನ್ನು ಬೆಟ್ಟದಲ್ಲಿ ಒಮ್ಮೆ ದಾರಿ ತಪ್ಪಿಯೇ ಕಲಿಯಬೇಕು.

ಬಾಲ್ಕನಿಯ ಕಟ್ಟೆ ಇಟ್ಟಿಗೆಯದು. ಎದುರಿಗೆ ನೇರವಾಗಿ ರಸ್ತೆ, ಎರಡೂ ಕಡೆ ಅಂಗಡಿ ಸಾಲು. ಕೆಳಗೆ ಟೀಚರಮ್ಮ ಬೆಂಚಿನ ಮೇಲೆ ಕಿತ್ತಳೆ ಸುಲಿದು ತೊಳೆಗಳನ್ನು ಕರವಸ್ತ್ರದ ಮೇಲೆ ಜೋಡಿಸಿಡುತ್ತಿದ್ದರು, ಮಗಳು ಬಂದ ಮೇಲೆ ತಿನ್ನಲಿ ಎಂದಿರಬೇಕು.

ನಿರ್ದೇಶಕರು ಡಬ್ಬಿ ಬಿಚ್ಚಿದರು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕನ್ನಡಿಯನ್ನು ಓರೆ ಮಾಡಿ, ಕಡ್ಡಿಯನ್ನು ರಸ್ತೆಯುದ್ದಕ್ಕೆ ಗುರಿ ಹಿಡಿದರು. ಹೆಬ್ಬೆರಳು ತಾನಾಗಿಯೇ ಹೋಗಿ ಮುಳ್ಳು ನಿಲ್ಲಿಸುವ ಗುಂಡಿಯ ಮೇಲೆ ಕೂತಿತು. ಹತ್ತು ಎಣಿಸುವಷ್ಟರಲ್ಲಿ ಕೆಲಸ ಮುಗಿದಿತ್ತು.

“ಉತ್ತರದಿಂದ ಪೂರ್ವಕ್ಕೆ ನಲವತ್ತೆರಡು.”

ಸುತ್ತಿಗೆ ಅವರ ಭುಜದ ಮೇಲಿಂದ ಬಗ್ಗಿ ನೋಡಿದ. “ಸರಿ ಇದೆ ಸ್ಟೆನೋ ಮೇಡಂ,” ಎಂದ. ಸತ್ತ ಸುದ್ದಿ ಹೇಳುವವರ ದನಿಯಲ್ಲಿ.

“ಹನ್ನೊಂದು ವರ್ಷ ಬೆಟ್ಟ ಸುತ್ತಿದೀನಿ,” ಎಂದರು ನಿರ್ದೇಶಕರು ನನ್ನ ಮುಖ ನೋಡದೆ. “ಆ ಏಣಿನ ಉತ್ತರದ ಅರ್ಧ ನಕ್ಷೆ ನನ್ನದು. ಇವಳಪ್ಪನೂ ನಾನೂ ಒಂದೇ ಗುಡಾರದಲ್ಲಿ ಮಲಗಿದೋರು. ಮಂಡಿ ಹೋಯ್ತು, ಒಳಗೆ ಕೂರಿಸಿದ್ರು. ಈ ಕಟ್ಟಡದಲ್ಲಿ ಮೊದಲ ತಿಂಗಳೇ ಎಲ್ಲರಿಗೂ ಕೊಡೋದು ಈ ಡಬ್ಬೀನ. ಉಲ್ಟಾ ಓದೋನು ಇಲ್ಲಿ ಒಬ್ಬನೂ ಸಿಗಲ್ಲ ನಿಮಗೆ. ಬೇರೆ ಕಡೆ ಹುಡುಕಿ.”

ನನಗೆ ನಾಚಿಕೆಯಾಯಿತು. ಎರಡನೇ ತಂಡದ ತೀರ್ಮಾನ ಮಾತ್ರ ಓದಿ ಅಂಕಿ ಓದದೆ ಬಿಟ್ಟದ್ದಕ್ಕೆ ಆ ಮನುಷ್ಯನನ್ನು ಹೀನಾಯವಾಗಿ ಕಂಡವಳು ನಾನು. ಅವರ ಗಾಜಿನ ಬೀರು ನೋಡಿ ಮನುಷ್ಯನನ್ನು ಓದಿ ಮುಗಿಸಿದವಳೂ ನಾನೇ.

“ಇದರಲ್ಲಿ ಏನು ಮಹಾ ಕಷ್ಟ,” ಎಂದಳು ಬೆಣಚಿ. ಅವಳಿಗೆ ಸಿಟ್ಟು ಬಂದಿತ್ತು. ಗೆದ್ದ ಆಟ ಕೈಯಿಂದ ಜಾರುತ್ತಿತ್ತು. “ಯಾರಾದ್ರೂ ಓದ್ತಾರೆ. ಕೊಡಿ ಇಲ್ಲಿ.”

“ತಗೊಳಮ್ಮ. ನಕ್ಷೆಗಾರರ ಮಗಳಲ್ವಾ.”

ಅವಳು ಡಬ್ಬಿಯನ್ನು ಅಂಗೈ ಮೇಲೆ ಸಮನಾಗಿ ಇಟ್ಟುಕೊಂಡಳು. ಕಾಲು ಬದಲಿಸುತ್ತ ಮೆಲ್ಲಗೆ ಸುತ್ತು ತಿರುಗಿದಳು. ಮುಳ್ಳಿನ ತುದಿ ಉತ್ತರದ ಅಕ್ಷರದ ಮೇಲೆ ಬಂದು ಕೂತೊಡನೆ ನಿಂತಳು. ಎಲ್ಲೂ ತಡವರಿಸಲಿಲ್ಲ. ಎಷ್ಟೋ ಸಲ ಮಾಡಿ ರೂಢಿಯಾದವರ ನಯ ಅದರಲ್ಲಿತ್ತು. ಆಮೇಲೆ ತಲೆಯೆತ್ತಿ ರಸ್ತೆ ನೋಡಿದಳು, ತಲೆ ತಗ್ಗಿಸಿ ಅಕ್ಷರ ನೋಡಿದಳು.

“ಉತ್ತರದಿಂದ ಪಶ್ಚಿಮಕ್ಕೆ ನಲವತ್ತೆರಡು.”

ನಿರ್ದೇಶಕರೂ ಸುತ್ತಿಗೆಯೂ ಒಟ್ಟಿಗೇ ಅವಳ ಕಡೆ ತಿರುಗಿದರು.

“ಏನು? ತಪ್ಪಾ?”

“ಈಗ ತಾನೇ ಹೇಳಿದ್ನಲ್ಲ ಬೆಣಚಮ್ಮ,” ಎಂದ ಸುತ್ತಿಗೆ ಮೆತ್ತಗೆ. “ಕಡ್ಡೀನ ಗುರಿ ಹಿಡೀಬೇಕು ಅಂತ.”

“ನೀನು ಹೇಳಿದೆ. ಆದ್ರೆ ಕೈಗೆ ಬಂದದ್ದು...” ಅವಳು ನಕ್ಕಳು. “ಅಪ್ಪ ಇದನ್ನ ಮುಟ್ಟೋಕೇ ಬಿಡ್ತಿರ್ಲಿಲ್ಲ. ಒಡೆದು ಹಾಕ್ತೀಯ ಅಂತ. ನಾನು ಕಲ್ತದ್ದು ಚಿಕ್ಕವಳಿದ್ದಾಗ, ಅಂಗಡಿ ಕಂಪಾಸಲ್ಲಿ. ‘ಮೊದಲು ಮುಳ್ಳಿಗೆ ಮರ್ಯಾದೆ, ಆಮೇಲೆ ದಾರಿಗೆ’ ಅಂತ ಅಮ್ಮ ಹೇಳಿಕೊಡ್ತಿದ್ಳು. ಅವಳ ಕ್ಲಾಸಿನ ಮಕ್ಕಳನ್ನೆಲ್ಲ ಗುಡ್ಡಕ್ಕೆ ಕರ್ಕೊಂಡು ಹೋಗಿ...”

ಮಾತು ಅಲ್ಲಿಗೆ ನಿಂತಿತು. ಒಂದು ಮಾತು ಬಾಯಿಂದ ಅರ್ಧ ಬಂದಾಗ ಆಡಿದವರಿಗೇ ಅದರ ಅರ್ಥ ತಿಳಿಯುವುದನ್ನು ನಾನು ಸಾಕ್ಷಿಕಟ್ಟೆಯಲ್ಲಿ ನೂರು ಸಲ ಕಂಡಿದ್ದೇನೆ. ಪೆನ್ಸಿಲು ಎತ್ತದೆ ನಿಂತದ್ದು ಇದೇ ಮೊದಲು.

“ನಿಮ್ಮಮ್ಮ ಯಾವ ಪಾಠ ಮಾಡೋದು?” ನಿರ್ದೇಶಕರು ಕೇಳಿದರು.

ಅವಳು ಕೆಳಗಿನ ಬೆಂಚಿನ ಕಡೆ ನೋಡಿದಳು. ಹೇಳಬೇಕಾಗಿಯೂ ಇರಲಿಲ್ಲ, ಭೂಗೋಳದ ಟೀಚರು ಅಲ್ಲದೆ ಇನ್ಯಾರು ಅಂಗಡಿಯ ದಿಕ್ಸೂಚಿ ಹಿಡಿದು ಮಕ್ಕಳನ್ನು ಗುಡ್ಡ ಹತ್ತಿಸುತ್ತಾರೆ. ಇನ್ಯಾರು, ಸುಳ್ಳು ಪುಟ ಬರೆಯುವಾಗಲೂ ಅಂಕಿ ಮಾತ್ರ ಅಳೆದೇ ಬರೆಯುತ್ತಾರೆ.

ಮೊದಲ ದಿನ ಬೆಣಚಿ ನನಗೆ ಹೇಳಿ ಬರೆಸಿದ್ದು ನನ್ನ ಕಣ್ಣ ಮುಂದೆ ಬಂತು: ಅವತ್ತು ಸಂಜೆ ಐದಕ್ಕೆ ತಾಯಿ ಮಗಳು ಇಬ್ಬರೂ ಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ನಾಲ್ಕೂ ನಲವತ್ತಕ್ಕೆ ಏಣಿನ ಮೇಲಿದ್ದವರು ಐದಕ್ಕೆ ಆ ಮನೆಯಲ್ಲಿ ಇರುವುದು ಸಾಧ್ಯವೇ ಇಲ್ಲ. ಅದಕ್ಕೇ ನಾನು ಇಬ್ಬರ ಹೆಸರನ್ನೂ ಹೊಡೆದು ಹಾಕಿದ್ದೆ. ಬೆಳಗ್ಗೆ ಟೀಚರಮ್ಮ ಎಲ್ಲಿದ್ದರು ಎಂದು ನಾನು ಕೇಳಲೂ ಇಲ್ಲ.

ಬೆಣಚಿ ದಿಕ್ಸೂಚಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ನಡೆದಳು. ನಾವು ಹಿಂದೆಯೇ ಹೋದೆವು. ಅವಳು ವರದಿಯ ಕೊನೆಯ ಪುಟ ತಿರುಗಿಸಿ, ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಮನೆಯವರು ಎಂದು ಬರೆದಿದ್ದ ಕಡೆ ಸಹಿ ಹಾಕಿದಳು.

“ಏನು ಮಾಡ್ತಿದೀಯ?” ಎಂದೆ.

“ನಮ್ಮಪ್ಪ ಅಂಕಿ ಹೊಸೆದ್ರು. ಒಪ್ಕೊಂಡಿದೀನಿ.”

“ಬೆಣಚಮ್ಮ, ಇಪ್ಪತ್ತಾರು ವರ್ಷ ಆ ಮನುಷ್ಯನ ಹಿಂದೆ ನಡೆದಿದೀನಿ,” ಎಂದ ಸುತ್ತಿಗೆ. “ಹೊಸೆದ್ರು ಅಂತ ನೀನು ಬರೀಬಹುದಾ?”

“ಸತ್ತೋರಿಗೆ ನಕ್ಷೆ ಯಾಕಣ್ಣ?” ಅವಳು ಅವನನ್ನು ನೋಡಲಿಲ್ಲ. ವರದಿಯನ್ನು ನಿರ್ದೇಶಕರ ಕಡೆ ತಳ್ಳಿದಳು. “ನಾಲ್ಕು ಗಂಟೆವರೆಗೂ ಕಾಯೋದು ಬೇಡ ಸರ್. ನೀವೂ ಹಾಕಿ. ಮುಗಿಸಿಬಿಡೋಣ.”

ನಿರ್ದೇಶಕರು ಕುರ್ಚಿಯಲ್ಲಿ ಕೂತರು. ಪೆನ್ನು ತೆಗೆದುಕೊಂಡರು. ಅದರ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ಹಾಕಲ್ಲ.”

“ಆಗಿಂದ ಹಾಕ್ತೀನಿ ಹಾಕ್ತೀನಿ ಅಂತ ಕುಣೀತಿದ್ರಲ್ಲ.”

“ಅವನು ಹೊಸೆದ ಅಂದ್ಕೊಂಡಿದ್ದೆ. ಹನ್ನೆರಡು ದಿನ ಅವನನ್ನ ಬಾಯಿಗೆ ಬಂದ ಹಾಗೆ ಅಂದೆ. ಇನ್ನು ಅದಕ್ಕೆ ಕೈಯೂ ಸೇರಿಸಲ್ಲ.”

“ನನ್ನ ಸಹಿ ಆಗಿದೆ.”

“ನಿನ್ನ ಸಹಿ ಒಂದರಿಂದ ಏನೂ ಮುಚ್ಚಲ್ಲಮ್ಮ. ನನ್ನದೂ ಬೇಕು.”

ಅವಳು ವರದಿಯನ್ನು ಇನ್ನೊಮ್ಮೆ ಅವರ ಕಡೆಗೆ ತಳ್ಳಿದಳು. ಒಂದು ಗಂಟೆಯ ಹಿಂದೆ ಈ ಮನುಷ್ಯ ಸಹಿ ಹಾಕದಿರಲಿ ಎಂದು ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದವಳು.

“ಸ್ಟೆನೋ ಮೇಡಂ, ನಿಮ್ಮ ಕೆಲಸ ಮುಗೀತು. ನೀವು ಹೋಗಬಹುದು.”

“ಕರೆಸಿದ್ದು ನೀನು ಕಣಮ್ಮ.”

“ಕಳಿಸ್ತಿರೋದೂ ನಾನೇ.”

ನಿರ್ದೇಶಕರು ಫೋನಿನ ರಿಸೀವರು ಎತ್ತಿ ಕಿವಿಗೆ ಒತ್ತಿಕೊಂಡರು.

“ಯಾರಿಗೆ?” ಎಂದಳು ಬೆಣಚಿ.

“ವಿಚಾರಣೆ ಮಾಡ್ತಿರೋ ಇನ್ಸ್‌ಪೆಕ್ಟರಿಗೆ. ಆ ಪುಟ ಅವನು ಬರೆದದ್ದಲ್ಲ, ಬಂದು ತಗೊಂಡು ಹೋಗಿ ಅಂತ.”

“ಅಮ್ಮನಿಗೆ ಐವತ್ತೆಂಟು ವರ್ಷ ಸರ್.”

“ಅವನಿಗೂ ಅರವತ್ತಾಗಿತ್ತು.”

ಅವರು ಎರಡು ಅಂಕಿ ತಿರುಗಿಸಿದರು. ಮೂರನೆಯದಕ್ಕೆ ಬೆರಳು ಹಾಕುವ ಮೊದಲು ಬೆಣಚಿ ಮೇಜಿನ ಮೇಲಿಂದ ಬಗ್ಗಿ, ಫೋನಿನ ಕರೆ ಕಡಿಯುವ ಗುಂಡಿಯ ಮೇಲೆ ಅಂಗೈ ಊರಿ, ಒತ್ತಿ ಹಿಡಿದಳು.